ಲಾಲ್ ಬೀ ಹಾಕಿದ ಷರತ್ತು

ಚುಚ್ಚಿದ್ದು ಬೆರಳ ತುದಿಗೆ. ಉರಿ ಮಾತ್ರ ಮೊಣಕೈ ದಾಟಿ ಹೆಗಲಿನ ಕಡೆ ಹೊರಟಿತ್ತು. ಗಾಜಿನ ತೊಟ್ಟಿಯಿಂದ ಕೈ ಕಿತ್ತುಕೊಂಡ ಜಮಾಲುದ್ದೀನ ಮೊದಲು ನೋಡಿದ್ದು ಗಾಯವನ್ನಲ್ಲ, ಅಡುಗೆಮನೆಯ ಬಾಗಿಲನ್ನು. ಹೆಂಡತಿ ಲಾಲ್ ಬೀ ಬೆನ್ನು ತಿರುಗಿಸಿ ಕೂತು ಮಂಡಕ್ಕಿ ಒಗ್ಗರಣೆ ತಿರುವುತ್ತಿದ್ದಳು. ಕಳೆದ ವಾರ ರೊಟ್ಟಿಹಂಚು ಸುಟ್ಟಿತೆಂದು ಬಟ್ಟೆ ಸುತ್ತಿಕೊಂಡ ಅವಳ ಬೆರಳು ಉಳಿದ ನಾಲ್ಕಕ್ಕೆ ಸೇರದೆ ಸೆಟೆದು ನಿಂತಿತ್ತು. ಅವಳು ನೋಡಿಲ್ಲ. ಸದ್ಯ.

ಷರತ್ತು ಹಾಕಿದವಳೇ ಅವಳು. ಕಾರವಾರಕ್ಕೆ ಅದಿರು ಹೊಡೆಯುವ ಲಾರಿ ಈ ಮೀನನ್ನು ಕ್ಯಾನಿನಲ್ಲಿ ತಂದಿಳಿಸಿದ ದಿನ, ಬೀದಿಯವರೆಲ್ಲ ನೆರೆದಿದ್ದಾಗಲೇ ಹೇಳಿದ್ದಳು: "ಬೆನ್ನ ತುಂಬ ವಿಷದ ಮುಳ್ಳು ಅಂತೀರಿ. ಇರಲಿ. ಈ ಮನ್ಯಾಗ ಒಬ್ಬರಿಗೆ ಚುಚ್ಚಿದ್ರೂ ಅವತ್ತ ಕಾಲುವಿಗೆ ಹೋಗತೈತಿ." ಉಪ್ಪುನೀರಿನ ಜೀವಕ್ಕೆ ಕಾಲುವೆಯ ಸಿಹಿನೀರೆಂದರೆ ಕಡೆಯ ನೀರು. ಜಮಾಲುದ್ದೀನ ಒಪ್ಪಿದ್ದ. ಒಪ್ಪಿದ್ದು ಸಾಲದೆಂಬಂತೆ, ಸಾಕಿದ ಕೈ ಯಾವುದೆಂದು ಮೀನಿಗೆ ಗೊತ್ತಾಗುತ್ತದೆಂದು ತನ್ನ ಲಾರಿ ಗ್ಯಾರೇಜಿಗೆ ಬಂದವರಿಗೆಲ್ಲ ಸಾರಿದ್ದ.

ಸಾರದೆ ಏನು ಮಾಡಿಯಾನು? ಹಗರಿಬೊಮ್ಮನಹಳ್ಳಿಯ ಒಂದು ಪಡಸಾಲೆಯಲ್ಲಿ ಕಡಲಿನ ತುಂಡೊಂದನ್ನು ನಿಲ್ಲಿಸಿದವನು ಅವನು. ಆ್ಯಂಗಲ್ ಕಬ್ಬಿಣಕ್ಕೆ ದಪ್ಪ ಗಾಜು ಕೂರಿಸಿದ್ದು ಅವನದೇ ಕೈ. ಲಾರಿ ರಿಪೇರಿಯ ಮಜೂರಿಗೆ ಬದಲು ಡ್ರೈವರುಗಳಿಂದ ಸಮುದ್ರದ ನೀರು ತರಿಸುತ್ತಿದ್ದ. ಕರೆಂಟು ಹೋಗಿ ಗಾಳಿಯ ಮೋಟಾರು ನಿಂತರೆ, ಗಾಳಿ ತುಂಬಿಟ್ಟ ಲಾರಿ ಟ್ಯೂಬಿನ ಬಾಯಿ ಸ್ವಲ್ಪ ಸಡಿಲಿಸಿ ನಳಿಕೆ ಸಿಕ್ಕಿಸಿದರಾಯಿತು, ನೀರಿನಲ್ಲಿ ಗುಳ್ಳೆ ಏಳುತ್ತಿದ್ದವು. ಕಡಲ ಮೀನಿನ ಊಟಕ್ಕೆ, ಸೊಳ್ಳೆಮರಿ ತಿನ್ನಲೆಂದು ಮಲೇರಿಯಾದವರು ಬಾವಿಗೆ ಬಿಟ್ಟ ಪುಟ್ಟ ಮೀನು. ಎಲ್ಲವೂ ರಾಷ್ಟ್ರೀಕರಣವಾಗುತ್ತಿದ್ದ ಕಾಲದಲ್ಲಿ ಸರ್ಕಾರದ ಮೀನನ್ನು ಖಾಸಗಿ ಮೀನು ನುಂಗುತ್ತಿದ್ದುದು ಬಹುಶಃ ಇಲ್ಲೊಂದೇ ಕಡೆ.

ಇಂದು ಲಾರಿಗಳ ಮಾಲೀಕ ಶಿವಯೋಗಪ್ಪ ಹೆಂಡತಿ ಪಾಲಮ್ಮನ ಸಮೇತ ಕೊಟ್ಟೂರಿನಿಂದ ಬರುವವನಿದ್ದ. ತನ್ನ ಲಾರಿ ಇಷ್ಟು ದಿನ ಹೊತ್ತ ನೀರಿನಲ್ಲಿ ಈಜುತ್ತಿರುವುದೇನೆಂದು ನೋಡಬೇಕಿತ್ತು ಅವನಿಗೆ. ಅವರಿಗಾಗಿ ಒಳಗಿನಿಂದ ಗಾಜು ಒರೆಸಲು ಹೋಗಿಯೇ ಈ ಗತಿ. ಜೀಪು ಬಾಗಿಲಲ್ಲಿ ನಿಂತ ಸದ್ದಾಯಿತು. ಜಮಾಲುದ್ದೀನ ಬಲಗೈಗೆ ಟವಲು ಸುತ್ತಿ ಬೆನ್ನ ಹಿಂದಿಟ್ಟುಕೊಂಡು, ಬಂದವರನ್ನು ಕೂರಿಸಿ, ಎಡಗೈಯಲ್ಲಿ ಪರದೆ ಸರಿಸಿದ.

ಕೆಂಪು ಬಿಳಿ ಪಟ್ಟೆಯ ಮೈ, ಕಣ್ಣ ಮೇಲೆ ಕೋಡು, ಎರಡೂ ಕಡೆ ಬೀಸಣಿಗೆಯಂತೆ ಹರಡಿದ ರೆಕ್ಕೆ. ಕಿರೀಟ ಭುಜಕೀರ್ತಿ ಕಟ್ಟಿಕೊಂಡ ಬಯಲಾಟದ ರಾಕ್ಷಸನ ಹಾಗೆ ಮೀನು ಕಲ್ಲಿನ ಮರೆಯಿಂದ ಬಂತು, ಯಾವ ಅವಸರವೂ ಇಲ್ಲದೆ. ಪಾಲಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು.

ಜಮಾಲುದ್ದೀನ ಬಾಯಿಯಲ್ಲೇ ಕೆಟ್ಟ ಡೀಸೆಲ್ ಇಂಜಿನ್ನನ್ನು ಕೆಮ್ಮಿಸಿ, ರಿಪೇರಿಯನ್ನೂ ಮಾಡಿ ತೋರಿಸುವ ಆಸಾಮಿ. ಮೀನಿನ ಪ್ರವೇಶಕ್ಕೂ ಒಂದು ಮಾತು ಕಟ್ಟಿಟ್ಟಿದ್ದ. "ಎಲೈ ಸಾರಥಿ, ಈ ಗಾಜಿನ ಪಟ್ಟಣಕ್ಕೆ ಅರಸು ಯಾರಂತ ಕೇಳುವೆಯಾ?" ಎಂದು ಶುರು ಮಾಡಿದ್ದೇ ತಡ, ಹೆಗಲೊಳಗೆ ಕಾದ ಸಲಾಕೆ ಹೊಕ್ಕಂತಾಗಿ, ಸೂರಿನ ಹಂಚು ಹಾರುವಂತೆ ಅರಚಿದ. ರಾಕ್ಷಸನ ಆರ್ಭಟವೆಂದರೆ ಇದು ಎಂದು ಶಿವಯೋಗಪ್ಪ ತೊಡೆ ತಟ್ಟಿಕೊಂಡು ನಕ್ಕ. ಇಬ್ಬರ ಕಣ್ಣಲ್ಲೂ ನೀರು ಬಂತು, ಒಬ್ಬನದು ನಗುವಿಗೆ. ಒಗ್ಗರಣೆ ತಟ್ಟೆ ಹಿಡಿದು ಬಂದ ಲಾಲ್ ಬೀ ಒಬ್ಬಳೇ ನಗಲಿಲ್ಲ. ಅವಳ ಕಣ್ಣು ಗಂಡನ ಬೆನ್ನ ಹಿಂದಿನ ಟವಲಿನ ಮೇಲಿತ್ತು.

"ಯಾರಿಗಾರ ಚುಚ್ಚೈತೇನವ್ವಾ ಇದು?" ಪಾಲಮ್ಮ ಅವಳನ್ನೇ ಕೇಳಿದಳು.

ಜಮಾಲುದ್ದೀನ ಟವಲಿನ ಕೈಯನ್ನು ಇನ್ನಷ್ಟು ಹಿಂದಕ್ಕೆ ಸರಿಸಿದ. ಹೋಯಿತು, ಕಾಲುವೆಗೇ ಹೋಯಿತು.

"ಇಲ್ರೀ ಅಕ್ಕಾರ," ಅಂದಳು ಲಾಲ್ ಬೀ, ತಟ್ಟೆ ಮುಂದಿಡುತ್ತ. "ನಮ್ಮನ್ಯಾಗ ಯಾರಿಗೂ ಚುಚ್ಚಿಲ್ಲ. ಇಂಥಾದ್ದು ಬಳ್ಳಾರಿ ಜಿಲ್ಲಾದಾಗ ಇನ್ನೊಂದಿಲ್ಲ ನೋಡ್ರಿ."

ಕಡೆಯ ಮಾತು ಅವನದು, ದಿನಾ ಗ್ಯಾರೇಜಿನಲ್ಲಿ ಆಡುವಂಥದು. ಅವಳ ಬಾಯಲ್ಲಿ ಅದನ್ನು ಕೇಳಿದ್ದು ಇದೇ ಮೊದಲು.

ಬಂದವರನ್ನು ಜೀಪು ಹತ್ತಿಸಿ, ಎಡಗೈ ಎತ್ತಿ ಸಲಾಮು ಹೊಡೆದು ಒಳಗೆ ಬಂದರೆ, ಚಾಪೆಯ ಮುಂದೆ ಬೋಗುಣಿಯ ತುಂಬ ಹಬೆಯಾಡುವ ನೀರಿತ್ತು.

"ಕೈ ಇಡ್ರಿ."

"ನನ್ನ ಕೈಗೇನಾಗೈತಿ?"

ಅವಳು ಅವನ ಟವಲು ಬಿಚ್ಚಿದಳು. ತನ್ನ ಬೆರಳಿನ ಬಟ್ಟೆಯನ್ನೂ ಬಿಚ್ಚಿ, ನೀರಿಗದ್ದಿ ಕಾವು ನೋಡಿದಳು. "ತಡಕೊಳ್ಳೋವಷ್ಟು ಬಿಸಿ ಇರಬೇಕು. ಆರಿದಂಗ ಮತ್ತ ಹಾಕ್ತೀನಿ. ಮೊದಲ ಹೆಗಲು ಬಿಡತೈತಿ, ಆಮ್ಯಾಲ ಮೊಣಕೈ. ಬೆರಳು ಕಡೀಕ."

ನೋವು ಅವಳು ಹೇಳಿದ ದಾರಿಯಲ್ಲೇ ಇಳಿಯತೊಡಗಿತು. ಜಮಾಲುದ್ದೀನ ಬೋಗುಣಿಯ ಅಂಚಿನಲ್ಲಿದ್ದ ಅವಳ ಬೆರಳನ್ನು ನೋಡಿದ. ಹಂಚು ಸುಟ್ಟ ಗುರುತು ಎಲ್ಲೂ ಇರಲಿಲ್ಲ. ತುದಿಯಲ್ಲಿ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ, ಅವನ ಬೆರಳಲ್ಲಿದ್ದಂಥದೇ. ಏನೋ ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಕರೆಂಟು ಹೋಯಿತು, ಮೋಟಾರಿನ ಗುಂಯ್‌ಗುಟ್ಟುವಿಕೆ ನಿಂತಿತು. ಏಳಲು ಹೋದವನನ್ನು "ಕುಂದರ್ರಿ" ಎಂದು ಗದರಿ ಅವಳೇ ಎದ್ದಳು. ಟ್ಯೂಬಿನ ಬಾಯಿ ಎಷ್ಟು ಸಡಿಲಿಸಬೇಕೋ ಅಷ್ಟೇ ಸಡಿಲಿಸಿ ನಳಿಕೆ ಸಿಕ್ಕಿಸಿದಳು. ಸಣ್ಣ ಗುಳ್ಳೆಗಳು ಸಾಲುಗಟ್ಟಿ ಎದ್ದವು.

ಆಮೇಲೆ ಬಕೀಟಿನಿಂದ ಬಾವಿಮೀನೊಂದನ್ನು ಉದ್ದ ಹಿಡಿಯ ಸೌಟಿನಲ್ಲಿ ಎತ್ತಿ, ಕೈ ಸೋಕದಂತೆ ತೊಟ್ಟಿಗಿಳಿಸಿದಳು. ಕಲ್ಲಿನ ಮರೆಯಲ್ಲಿದ್ದ ಅರಸು ರೆಕ್ಕೆ ಬಿಚ್ಚಿ ಸೌಟಿನ ಕಡೆ ತಿರುಗಿತು. ಲಾಲ್ ಬೀ ಗಾಜಿಗೆ ಮುಖ ತಂದು, ಕೇಳಿಯೂ ಕೇಳದಂಥ ದನಿಯಲ್ಲಿ, ಗಂಡನಿಗಿಂತ ಒಂದು ಕೈ ಮಿಗಿಲಾಗಿಯೇ, "ಎಲೈ ಸಾರಥಿ" ಅಂದಳು.