ನೇರಳೆ ಬೆರಳು

ನಮ್ಮ ಆಗ್ಸ್‌ಬರ್ಗಿನಲ್ಲಿ ಯಾರಾದರೂ ಲ್ಯಾಟಿನ್ ಶುರುಮಾಡಿದರೆ ನಾನು ಮೊದಲು ಸೊಂಟದ ಚೀಲ ಮುಟ್ಟಿ ನೋಡಿಕೊಳ್ಳುತ್ತೇನೆ. ಪಾದ್ರಿ, ವೈದ್ಯ, ವಕೀಲ, ಮೂವರೂ ನನ್ನನ್ನು ಲ್ಯಾಟಿನ್‌ನಲ್ಲೇ ಬೋಳಿಸಿದವರು. ನಾಲ್ಕನೆಯವನು ನಮ್ಮ ಅಕ್ಕಸಾಲೆಗೆ ಹೊಸದಾಗಿ ಬಂದ ಕೆಲಸಗಾರ ಲೀನ್‌ಹಾರ್ಟ್.

"ಅಕ್ವಾ ರೀಜಿಯಾ ಅಮ್ಮಾವ್ರೇ. ರಾಜನೀರು ಅಂತ. ಚಿನ್ನಾನೇ ಕರಗಿಸಿಬಿಡುತ್ತೆ."

"ನಮ್ಮ ಯಜಮಾನ್ರು ಮೂವತ್ತು ವರ್ಷ ದ್ರಾವಕದಲ್ಲೇ ಚಿನ್ನ ಶುದ್ಧಿ ಮಾಡಿದ್ರು. ಬೆಳ್ಳಿ ನೀರಿಗೆ ಹೋಗೋದು, ಚಿನ್ನ ತಳದಲ್ಲಿ ಕೂರೋದು. ನಿಂದೇನಯ್ಯ ಹೊಸ ಪುರಾಣ?"

"ಇದ್ರಲ್ಲಿ ಎಲ್ಲಾ ತಿರುಗಾಮುರುಗಾ," ಎಂದು ನಕ್ಕ. ಆ ನಗು ನನಗೆ ಹಿಡಿಸಲಿಲ್ಲ.

ಸೀಸೆಗೆ ಹಾಕಿದ್ದು ನನ್ನ ಮದುವೆಯ ಸರ. ಶುದ್ಧಮಾಡಿಸಿ ಮಗಳು ಓಟಿಲಿಯಳ ಮದುವೆಗೆ ಒಡವೆ ಮಾಡಿಸಬೇಕಿತ್ತು. ಗಂಡ ಸತ್ತಮೇಲೆ ಮನೆಯಲ್ಲಿ ಉಳಿದ ಚಿನ್ನ ಅಷ್ಟೇ.

ಮಧ್ಯಾಹ್ನದ ಹೊತ್ತಿಗೆ ಸರ ಮಾಯ. ಮೇಲೆ ಹಳದಿ ನೀರು, ತಳದಲ್ಲಿ ಬಿಳೀ ಕೆಸರು. "ಅನ್ನಭೇದಿ ಉಪ್ಪು ತರ್ತೀನಿ, ಹಾಕಿದ್ರೆ ಚಿನ್ನ ಕೆಳಗಿಳಿಯುತ್ತೆ" ಎಂದು ಹೋದವನು ಎರಡು ಗಂಟೆಯಾದರೂ ಬರಲಿಲ್ಲ. ಸೀಸೆ ಎತ್ತಿ ಬೆಳಕಿಗೆ ಹಿಡಿದೆ. ತಳದಲ್ಲಿರುವುದು ಬೆಳ್ಳಿ! ಚಿನ್ನ ಹಾರಿಸಿ ಬೆಳ್ಳಿ ಇಟ್ಟಿದ್ದಾನೆ ಕಳ್ಳ! ಕೆಸರನ್ನು ಸಾಕ್ಷಿಗೆಂದು ಬಟ್ಟಲಲ್ಲಿ ಜೋಪಾನ ಮಾಡಿ, ನೀರನ್ನು ಹಿತ್ತಲ ಕಾಲುವೆಗೆ ಸುರಿದೆ. ಬೆರಳಿಗೆ ಸಿಡಿದು ಚುರ್ರೆಂದಿತು. ಹರಿಯುವ ನೀರು ಕೊಚ್ಚಿಕೊಂಡು ಹೋಯಿತು.

ಅನ್ನಭೇದಿಯ ಪೊಟ್ಟಣ ಹಿಡಿದು ಬಂದವನನ್ನು ನಾನು ಕರೆಸಿದ್ದ ಊರ ಕಾವಲುಗಾರರು ಬಾಗಿಲಲ್ಲೇ ಹಿಡಿದರು. ಮೂರು ಅಂಗಡಿ ಸುತ್ತಿದೆ ಎಂದರೂ ನಾನು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕಸಾಲಿಗರ ಸಂಘದ ಹಿರಿಯ ಕಿಲಿಯಾನರ ಮುಂದೆ ಬಟ್ಟಲು ಇಟ್ಟೆ. ಕಳವು ರುಜುವಾತಾದರೆ ಲೀನ್‌ಹಾರ್ಟ್‌ನ ಕೈ ಹೋಗುತ್ತಿತ್ತು.

ಅವರು ಕೆಸರು ತಿಕ್ಕಿ ನೋಡಿದರು. "ಬೆಳ್ಳಿನೇ. ನಿನ್ನ ಸರದಲ್ಲಿ ಬೆರೆತಿದ್ದ ಬೆಳ್ಳಿ. ನೀರೆಲ್ಲಮ್ಮಾ?"

"ಆ ನೀರು ಯಾಕೆ? ಮೊದ್ಲು ಅವನ ಕೈ ನೋಡಿ!"

"ನಿನ್ನ ಕೈ ತೋರ್ಸು."

ತೋರಿಸಿದೆ. ಮೂರು ಬೆರಳಿಗೆ ನೇರಳೆ ಬಣ್ಣ ಏರಿತ್ತು. ರಾತ್ರಿ ಎಷ್ಟು ಸೋಪು ಉಜ್ಜಿದರೂ ಹೋಗಿರಲಿಲ್ಲ.

"ಕರಗಿದ ಚಿನ್ನ ಚರ್ಮಕ್ಕೆ ತಾಗಿದ್ರೆ ಹೀಗೇ ಆಗೋದು ತಾಯಿ," ಎಂದರು ಕಿಲಿಯಾನ್. "ಹುಡುಗನ ಹಗ್ಗ ಬಿಚ್ರೋ."

ಲೀನ್‌ಹಾರ್ಟ್ ಮಣಿಕಟ್ಟು ಉಜ್ಜಿಕೊಳ್ಳುತ್ತ ನನ್ನ ಬೆರಳುಗಳನ್ನೇ ನೋಡಿದ. "ನಾನು ಹೇಳಿದ್ದೆ ಅಮ್ಮಾವ್ರೇ," ಎಂದಷ್ಟೇ ಹೇಳಿ ಹೊರಟುಹೋದ. ನಾಚಿಕೆಯಿಂದ ಸತ್ತೇಹೋದೆ.

ಮನೆಗೆ ಬಂದರೆ ಓಟಿಲಿಯ ಬಾಗಿಲಲ್ಲೇ ನಿಂತಿದ್ದಳು. "ಅಮ್ಮಾ, ಚಿನ್ನ ಸಿಕ್ತಾ?"

ಮೂರು ಬೆರಳು ಚಾಚಿದೆ.