ಚುಕ್ಕಿಯ ನಂತರದ ಅಂಕಿ

"ಬೆಟ್ಟ ಹತ್ತಿ ಏನ್ ಮಾಡ್ತೀಯ? ಮತ್ತೆ ಇಳೀಬೇಕಷ್ಟೆ," ಅಂದರು ನನ್ನವರು. "ಇದರಲ್ಲಾದ್ರೆ ಕೊನೇಲಿ ಒಂದು ಡಬ್ಬಿ ಸಿಗುತ್ತೆ."

ಯಾರೋ ಬಚ್ಚಿಟ್ಟ ಡಬ್ಬಿಯನ್ನು ಅಕ್ಷಾಂಶ ರೇಖಾಂಶ ಹಿಡಿದು ಹುಡುಕುವುದು, ಒಳಗಿನ ಚೀಟಿಯಲ್ಲಿ ಹೆಸರು ಬರೆದು ಅಲ್ಲೇ ಇಟ್ಟು ಬರುವುದು. ಜಿಯೋಕ್ಯಾಶಿಂಗ್ ಅಂದರೆ ಇಷ್ಟೇ.

"ಈ ವಯಸ್ಸಲ್ಲಿ ಕಣ್ಣಾಮುಚ್ಚಾಲೆ ಆಡ್ತೀರೇನ್ರೀ?"

ನನಗೆ ಬೇಕಾಗಿದ್ದದ್ದು ಬೆಟ್ಟ. ಆಫೀಸಿನ ಚಾರಣದ ಗುಂಪಿನವರು ಸೋಮವಾರದೊಳಗೆ ಹೆಸರು ಕೊಡಿ ಎಂದಿದ್ದರು. ಕೊಟ್ಟರೆ ಭಾನುವಾರಗಳೆಲ್ಲ ಅವರ ಪಾಲು. ಔಷಧಿ ಅಂಗಡಿಯಲ್ಲಿ ದಿನವಿಡೀ ನಿಲ್ಲುವ ಇವರಿಗೆ ರಜೆಯಿರುವುದೂ ಭಾನುವಾರ ಮಾತ್ರ. ಅದಕ್ಕೇ, ಇವರ ಆಟವನ್ನೂ ಒಮ್ಮೆ ನೋಡಿಬಿಡೋಣ ಎಂದು ಹೊರಟೆ.

ಬೆಟ್ಟದ ಬುಡದಲ್ಲಿ ಒಂದು ಕಲ್ಲುಬೆಂಚಿನ ಪಕ್ಕ ಕಾರು ನಿಲ್ಲಿಸಿ ಫೋನ್ ಕೈಗಿಟ್ಟರು. "ಅಂಕಿ ನೀನೇ ಹಾಕು. ಸರ್ವೇಯರಮ್ಮ ಇರುವಾಗ ನಾನ್ಯಾಕೆ?"

ಹಾಕಿದೆ. ಬಾಣ ನೇರ ಬೆಟ್ಟದ ಮೇಲಕ್ಕೆ ತೋರಿಸಿತು. ನನಗೆ ಒಳಗೊಳಗೇ ಖುಷಿ. ಇವರು ಬಾಣವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, "ಸರಿ, ನಡಿ," ಅಂದರು.

ಪ್ರತಿ ತಿರುವಿನಲ್ಲೂ ಇವರು ನಿಂತು, ಬಂಡೆಗೆ ಕೈಯೂರಿ ಬಗ್ಗಿ ನೋಡುತ್ತಿದ್ದರು. "ಇಲ್ಲೇ ಎಲ್ಲೋ ಇರ್ಬೇಕು ಕಣೇ."

"ಇನ್ನೂ ಮೇಲೇರೀ!"

ತುದಿ ತಲುಪಿದೆವು. ಗಾಳಿಯಿತ್ತು, ಡಬ್ಬಿಯಿರಲಿಲ್ಲ. ಅಂಕಿಗಳನ್ನು ಮತ್ತೆ ನೋಡಿದಾಗ ಮುಖ ಬಿಸಿಯಾಯಿತು. ಚುಕ್ಕಿಯ ನಂತರ ಇದ್ದದ್ದು ನಿಮಿಷದ, ಅಂದರೆ ಡಿಗ್ರಿಯ ಅರವತ್ತನೇ ಒಂದು ಪಾಲಿನ, ದಶಮಾಂಶ. ಅದನ್ನು ನಾನು ಕಸುಬಿನ ಅಭ್ಯಾಸದಲ್ಲಿ ಸೆಕೆಂಡು ಎಂದು ಓದಿಬಿಟ್ಟಿದ್ದೆ. ಈಗ ಸರಿಯಾಗಿ ಹಾಕಿದೆ. ಬಾಣ ತಿರುಗಿ, ನಾವು ಕಾರು ನಿಲ್ಲಿಸಿದ ಜಾಗ ತೋರಿಸಿತು.

"ಬೆಂಚಿನ ಕೆಳಗೆ," ಅಂದರು ಇವರು, ಮಂಡಿ ನೀವಿಕೊಳ್ಳುತ್ತ. "ಡಬ್ಬಿ ಇಟ್ಟವರು ಸುಳಿವಿನಲ್ಲೇ ಬರೆದಿದ್ರು."

"ಗೊತ್ತಿತ್ತಾ? ಮತ್ತೆ ಬಂಡೆ ಹತ್ರ ಏನ್ ಹುಡುಕ್ತಿದ್ರಿ?"

"ಉಸಿರು."

"ಅಲ್ಲೇ ಹೇಳೋದಲ್ವೇನ್ರೀ!"

"ಬಾಣ ನೋಡಿ ನಿನ್ನ ಮುಖ ಅರಳಿತಲ್ಲ, ಹೇಗೆ ಹೇಳ್ಲಿ?"

ಇಳಿಯುವಾಗ ಇವರ ತೋಳು ಹಿಡಿದುಕೊಂಡೆ. ನನ್ನ ಕಾಲು ಜಾರುತ್ತೆ ಅಂದೆ. ಬುಡ ತಲುಪಿದ ಮೇಲೆ ಇವರು ಬೆಂಚಿನ ಮೇಲೆ ಕೂತರು. ನಾನು ಕೆಳಗೆ ತಡಕಾಡಿ ಡಬ್ಬಿ ತೆಗೆದೆ, ಚೀಟಿಯಲ್ಲಿ ಇಬ್ಬರ ಹೆಸರೂ ಬರೆದೆ.

"ಆ ಗುಂಪಿಗೆ ನಾನಿಲ್ಲ ಅಂತ ನಾಳೆ ಹೇಳ್ತೀನಿ," ಅಂದೆ.

ಇವರು ಡಬ್ಬಿಯ ಮುಚ್ಚಳವನ್ನು ಔಷಧಿ ಸೀಸೆಗೆ ಮಾಡುವಂತೆ ಬಿಗಿಯಾಗಿ ತಿರುಗಿಸಿದರು. ಆಮೇಲೆ, "ಮುಂದಿನ ವಾರಾನೂ ಅಂಕಿ ನೀನೇ ಹಾಕು. ತಪ್ಪಾದ್ರೂ ಪರವಾಗಿಲ್ಲ," ಅಂದರು. "ಸ್ವಲ್ಪ ಚಿಕ್ಕ ಬೆಟ್ಟದಷ್ಟು ತಪ್ಪು ಮಾಡು, ಅಷ್ಟೆ."