ಹೆರಾಲ್ಡ್ ಕಾರಿನ ಬಾನೆಟ್ಟು

ರೇಣುಕಾಪ್ರಸಾದನ ಹೆರಾಲ್ಡ್ ಕಾರು ಮೊದಲನೇ ಸಲ ರೇಸಿಗೆ ಹೋಗಿ ಓಡದೆಯೇ ವಾಪಸು ಬಂದದ್ದು ತನ್ನ ಪಾಲಿಗೆ ಒಳ್ಳೆಯದೇ ಆಯಿತು ಎಂದು ಕಾರುಗಳ ತಗಡು ಬಡಿದು ಸರಿಮಾಡುವ ಟಿಂಕರಿಂಗ್ ಅಸದುಲ್ಲಾ ಆಗ ಅಂದುಕೊಂಡಿದ್ದ.

ಕಾರು ರೇಣುಕಾಪ್ರಸಾದನ ತಾತ ಕೊಂಡದ್ದು. ಮೂವತ್ತು ವರ್ಷ ಅವರೂರು ಕೂಟಗಲ್ಲಿನ ಕೊಟ್ಟಿಗೆಯಲ್ಲಿ ಹುಲ್ಲಿನ ಕಂತೆ ಹೊತ್ತು ನಿಂತಿತ್ತು. ರೇಣುಕಾಪ್ರಸಾದ ಅದರ ಎಂಜಿನ್ ಬಿಚ್ಚಿಸಿ ಸರಿಮಾಡಿಸಿದ. ತುಕ್ಕು ತಿಂದು ಜರಡಿಯಾಗಿದ್ದ ಬಾನೆಟ್ಟಿನ ಜಾಗಕ್ಕೆ ಫೈಬರಿನದೊಂದನ್ನು ಹಾಕಿಸಿದ. ಆಮೇಲೆ ಬೆಂಗಳೂರಿನಾಚೆ, ಈಗ ವಿಮಾನ ಇಳಿಯದ ಹಳೇ ರನ್‌ವೇ ಮೇಲೆ ನಡೆಯುವ ಡ್ರ್ಯಾಗ್ ರೇಸಿಗೆ ಹೊರಟ. ಎರಡೆರಡು ಕಾರು ಪಕ್ಕಪಕ್ಕ ನಿಂತು ನಾನೂರು ಮೀಟರ್ ನೇರ ಓಡುವ ಪಂದ್ಯ. ಹಳೇ ಕಾರುಗಳಿಗೆ ಬೇರೆಯೇ ಸಾಲು. ತಪಾಸಣೆಯವರು ಬಾನೆಟ್ಟಿನ ಮೇಲೆ ಅಯಸ್ಕಾಂತ ಇಟ್ಟರು. ಅದು ಜಾರಿ ನೆಲಕ್ಕೆ ಬಿತ್ತು. ಕಾರನ್ನು ಅಲ್ಲಿಂದಲೇ ತಿರುಗಿಸಿದರು.

ಮಾರನೇ ದಿನ ಅವನು ನಿಯಮದ ಪುಸ್ತಕ ಹಿಡಿದು ಅಸದುಲ್ಲಾನ ಶೆಡ್ಡಿಗೆ ಬಂದ. ರಾಮನಗರದ ಹೈವೇ ಪಕ್ಕದ ಆ ಶೆಡ್ಡಿನ ಜಾಗ ರೇಣುಕಾಪ್ರಸಾದನ ಅಪ್ಪ ಗವಿಸಿದ್ದಯ್ಯನದೇ. ಪುಸ್ತಕ ಇಂಗ್ಲಿಷಿನಲ್ಲಿತ್ತು. ಬುತ್ತಿ ತಂದಿದ್ದ ಅಸದುಲ್ಲಾನ ಮಗಳು ನಿಖಾತ್ ಓದಿ ಹೇಳಿದಳು. ಅವಳದು ಬಿ.ಕಾಂ. ಕೊನೇ ವರ್ಷ.

ಹಳೇ ಕಾರುಗಳಲ್ಲಿ ಎರಡು ವಿಭಾಗ. ಅಸಲಿ ವಿಭಾಗದಲ್ಲಿ ಹೊರಮೈಯ ತಗಡೆಲ್ಲ ಕಂಪನಿಯಿಂದ ಬಂದದ್ದೇ ಆಗಿರಬೇಕು. ಡೆಂಟ್ ತೆಗೆಯಬಹುದು, ತುಂಡು ಬದಲಿಸುವಂತಿಲ್ಲ. ದುರಸ್ತಿ ವಿಭಾಗದಲ್ಲಿ ಬದಲಿ ತುಂಡು ಹಾಕಬಹುದು. ಆದರೆ ಅದೇ ಲೋಹ, ಅದೇ ದಪ್ಪ, ಅದೇ ಆಕಾರ ಇರಬೇಕು. ಮಾಡಿದವನ ಹೆಸರು, ಊರು ಕಾರಿನ ದಾಖಲೆಯಲ್ಲಿ ಬರೆಸಬೇಕು.

"ಆ ಕೊನೇದನ್ನ ಇನ್ನೊಂದ್ಸಲ ಓದು ಬೇಟಾ," ಅಂದ ಅಸದುಲ್ಲಾ.

ನಿಖಾತ್ ಓದಿದಳು.

"ಮಾಡ್ಕೊಡ್ತೀನಿ ಪ್ರಸಾದಪ್ಪ. ಹೆಸ್ರು ಮಾತ್ರ ಬರೆಸ್ಬೇಕು."

"ಬರೆಸ್ದೆ ಇರ್ತೀನಾ ಅಸದಣ್ಣ? ನಿಯಮಾನೇ ಐತಲ್ಲ."

ಅಸದುಲ್ಲಾನಿಗೆ ಐವತ್ತೆಂಟು. ಒಂದು ಕಾಲದಲ್ಲಿ ಕನಕಪುರ, ಮಾಗಡಿಯಿಂದ ನುಜ್ಜುಗುಜ್ಜಾದ ಕಾರುಗಳನ್ನು ಹಗ್ಗ ಕಟ್ಟಿ ಅವನಲ್ಲಿಗೆ ಎಳೆದು ತರುತ್ತಿದ್ದರು. ಈಗ ಯಾರೂ ತಗಡು ಬಡಿಸುವುದಿಲ್ಲ. ಬಾಗಿಲು ಸೊಟ್ಟಗಾದರೆ ಶೋರೂಮಿನಲ್ಲಿ ಹೊಸ ಬಾಗಿಲು, ದುಡ್ಡು ಇನ್ಶೂರೆನ್ಸಿನವರದು. ಅವನಿಗೆ ಉಳಿದದ್ದು ಆಟೋಗಳ ಮಡ್‌ಗಾರ್ಡು. ಹೆಂಡತಿ ಶರ್ಫುನ್ನೀಸಾ ರೇಷ್ಮೆ ನೂಲು ತೆಗೆಯುವ ಕಡೆ ದುಡಿಯುತ್ತಿದ್ದುದರಿಂದ ಒಲೆ ಉರಿಯುತ್ತಿತ್ತು.

ಹೆರಾಲ್ಡಿನ ಬಾನೆಟ್ಟು ಬೇರೆ ಕಾರಿನದರ ಹಾಗಲ್ಲ. ಎರಡು ಮಡ್‌ಗಾರ್ಡೂ ಸೇರಿ ಕಾರಿನ ಮುಂಭಾಗವೆಲ್ಲ ಒಂದೇ ಮುಚ್ಚಳವಾಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಅಸದುಲ್ಲಾ ಜರಡಿಯಾದ ಹಳೆಯದನ್ನು ಅಳತೆಗೆ ಇಟ್ಟುಕೊಂಡ. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಖಾಸಿಂನಿಂದ ಹೆಡ್‌ಲೈಟು ಕೂರುವ ಗುಂಡಿಗೆ ಮರದ ಅಚ್ಚು ಕೊರೆಸಿದ. ಮರಳಿನ ಚೀಲದ ಮೇಲೆ ತಗಡಿಟ್ಟು, ಮರದ ಸುತ್ತಿಗೆಯಲ್ಲಿ ನಾಲ್ಕು ತಿಂಗಳು ಬಡಿದ. ಎಡಗಡೆಯ ಮಡ್‌ಗಾರ್ಡನ್ನು ಮೂರು ಸಲ ಮಾಡಿದ. ಮೊದಲಿನ ಎರಡರಲ್ಲಿ ಏನು ಕೊರತೆಯಿತ್ತೋ ಅವನಿಗೆ ಬಿಟ್ಟು ಬೇರೆ ಯಾರಿಗೂ ಕಾಣಲಿಲ್ಲ. ನಿಖಾತ್ ಆಗಾಗ ಬಂದು ಫೋನಿನಲ್ಲಿ ಫೋಟೋ ಹಿಡಿಯುತ್ತಿದ್ದಳು. ಕೊನೆಗೆ ತುಂಡುಗಳನ್ನು ಬೆಸೆದು, ಎಲ್ಲೂ ಪುಟ್ಟಿ ಬಳಿಯದೆ, ಬರೀ ಅರದಲ್ಲಿ ಉಜ್ಜಿ, ಅವನು ಅದನ್ನು ಕಾರಿಗೆ ಕೂರಿಸಿದ. ಅವತ್ತು ಮನೆಗೆ ಹೋಗಿ ಹೆಂಡತಿಗೆ ಹೇಳಿದ: "ಇಂಥದ್ದು ನಾನು ಇನ್ನೊಂದು ಮಾಡಲ್ಲ."

ರೇಸಿನ ದಿನ ಅಪ್ಪ ಮಗಳಿಬ್ಬರೂ ರೇಣುಕಾಪ್ರಸಾದನ ಜೊತೆಗೇ ಹೋದರು. ತಪಾಸಣೆಯ ಸಾಲಿನಲ್ಲಿ ಕಾರು ನಿಂತಾಗ ಅವನು ಅಸದುಲ್ಲಾನನ್ನು ಸ್ವಲ್ಪ ಆಚೆಗೆ ಕರೆದ.

"ದುರಸ್ತೀಲಿ ಹನ್ನೊಂದು ಕಾರು ಬಂದವೆ ಅಸದಣ್ಣ. ಅಸಲೀಲಿ ನಂದೂ ಸೇರಿ ನಾಕೇ. ನಾನು ಅಸಲಿಗೇ ಹಾಕ್ಬುಟ್ಟೆ."

"ಬಾನೆಟ್ಟು?"

"ಕಾರಿನ ಜೊತೆ ಬಂದಿದ್ದೇ, ತೆಗ್ದಿಟ್ಟಿದ್ದನ್ನ ಮತ್ತೆ ಹಾಕ್ಸಿದೀನಿ ಅಂತ ಬರ್ದಿದೀನಿ. ನೀನು ಡೆಂಟ್ ತೆಗ್ದೆ ಅಂತ ಇಲ್ಲೊಂದು ಸೈನ್ ಹಾಕ್ಬುಡು."

ಅಸದುಲ್ಲಾ ಕೈ ಮುಂದೆ ಮಾಡಲಿಲ್ಲ. ರೇಣುಕಾಪ್ರಸಾದ ದನಿ ಏರಿಸಲಿಲ್ಲ.

"ಅಪ್ಪಾಜಿ ಹೈವೇ ಜಾಗ ಮಾರೋ ಮಾತಾಡ್ತಾವ್ರೆ. ನಾನೇ ತಡ್ಕೊಂಡು ಕುಂತಿದೀನಿ. ನಿಂಗೋಸ್ಕರಾನೇ."

ಅಸದುಲ್ಲಾ ಪೆನ್ನು ತೆಗೆದುಕೊಂಡು ಸಹಿ ಹಾಕಿದ. ದೂರದಲ್ಲಿದ್ದ ನಿಖಾತ್‌ಗೆ ಏನೂ ಕೇಳಿಸಲಿಲ್ಲ. ಅಪ್ಪನ ಹೆಸರು ದಾಖಲೆಗೆ ಬಿತ್ತೆಂದು ಅವಳು ಅಲ್ಲಿಂದಲೇ ಅವನು ಸಹಿ ಹಾಕುವ ಫೋಟೋ ಹಿಡಿದಳು.

ತಪಾಸಣೆಯ ಮುಖ್ಯಸ್ಥರು ಬೆಂಗಳೂರಿನ ಒಬ್ಬ ನಿವೃತ್ತ ಎಂಜಿನಿಯರು. ಈ ಸಲ ಅಯಸ್ಕಾಂತ ಕಚ್ಚಿಕೊಂಡಿತು. ದಪ್ಪ ಅಳೆದರು, ಸರಿಯಿತ್ತು. ಬಾನೆಟ್ಟು ಎತ್ತಿಸಿ, ಟಾರ್ಚ್ ಹಿಡಿದು, ಒಳಗಡೆಯಿಂದ ಅಂಗೈ ಸವರಿಕೊಂಡು ಹೋದವರು ಒಂದು ಕಡೆ ಕೈ ನಿಲ್ಲಿಸಿದರು.

"ಇದನ್ನ ಬಡಿದವರು ಯಾರು?"

"ಕಂಪನೀದೇ ಸಾರ್," ಅಂದ ರೇಣುಕಾಪ್ರಸಾದ.

ಅವರು ಅಸದುಲ್ಲಾನ ಕೈಗಳನ್ನು ನೋಡಿದರು. "ನೀವು ಮಾಡಿದ್ದಾ?"

"ಇಲ್ಲ ಸಾರ್. ನಾನು ಡೆಂಟ್ ತೆಗ್ದೆ, ಅಷ್ಟೆ."

"ಸರಿ, ನೀವು ಬರೆದುಕೊಟ್ಟಿದ್ದೀರಿ, ನಾನು ನಂಬಬೇಕು. ಕೈಯಲ್ಲಿ ಮಾಡಿದ್ದು ಅನ್ನಿಸಿತು. ಅಂಥ ಕೈಯವರು ಎಲ್ಲಾದರೂ ಸಿಕ್ಕರೆ ನನಗೆ ತಿಳಿಸಿ. ಈ ರೇಸು ನಡೆಸುವ ನಮ್ಮ ಸಂಘದವರ ಆರೇಳು ಹಳೇ ಕಾರು ತಗಡಿನ ಕೆಲಸ ಮಾಡುವವರಿಲ್ಲದೆ ಹಾಗೇ ನಿಂತಿವೆ." ಅವರು ವಿಳಾಸದ ಕಾರ್ಡೊಂದನ್ನು ಕೊಟ್ಟರು. ಅಸದುಲ್ಲಾ ಅದನ್ನು ಜೇಬಿಗೆ ಹಾಕಿಕೊಂಡ.

ಕಾರು ಗೆದ್ದಿತು. ಹೊರಮೈಯನ್ನು ಇದ್ದ ಹಾಗೇ ಉಳಿಸಿಕೊಂಡದ್ದಕ್ಕೆ ಇನ್ನೊಂದು ಬಹುಮಾನವೂ ಬಂತು. ರೇಣುಕಾಪ್ರಸಾದ ಬಾನೆಟ್ಟಿನ ಮೇಲೆ ಕೈಯಿಟ್ಟು, ತಾತನ ಕಾಲದ ತಗಡು, ಒಂದು ಚೂರೂ ಬದಲಾಗಿಲ್ಲ ಎಂದು ಮೈಕಿನಲ್ಲಿ ಹೇಳಿದ. ನಿಖಾತ್ ಅಪ್ಪನ ಮುಖ ನೋಡಿದಳು. ರಾಮನಗರ ಮುಟ್ಟಿದ ಮೇಲೆ, ಸಹಿ ಹಾಕಿಸಿಕೊಂಡ ಬಗೆಯನ್ನು ಅಸದುಲ್ಲಾ ಅವಳಿಗೆ ಹೇಳಿದ.

ಎರಡು ತಿಂಗಳಿಗೆ ಶೆಡ್ಡಿನ ಮುಂದೆ ಯಾರೋ ಟೇಪು ಹಿಡಿದು ಅಳೆಯತೊಡಗಿದರು. ಜಾಗ ಮಾರಾಟವಾಗಿತ್ತು. ಅಸದುಲ್ಲಾ ಕೂಟಗಲ್ಲಿಗೆ ಹೋದರೆ ರೇಣುಕಾಪ್ರಸಾದ ಜಗಲಿಯಿಂದ ಇಳಿಯದೆಯೇ ಮಾತಾಡಿದ. "ಅಪ್ಪಾಜಿ ಮಾತು ಕೊಟ್ಬುಟ್ಟವ್ರೆ. ನಾನೇನ್ ಮಾಡ್ಲಿ ಹೇಳು."

ಮುಂದಿನ ಭಾನುವಾರ ಅಸದುಲ್ಲಾ ಮಗಳನ್ನು ಕರೆದುಕೊಂಡು, ಕಾರ್ಡಿನಲ್ಲಿದ್ದ ವಿಳಾಸ ಹುಡುಕಿಕೊಂಡು ಬೆಂಗಳೂರಿಗೆ ಹೋದ. ಎಂಜಿನಿಯರು ಇಬ್ಬರನ್ನೂ ಒಳಗೆ ಕೂರಿಸಿ ಕಾಫಿ ತರಿಸಿದರು. ನಿಖಾತ್ ಫೋನಿನ ಫೋಟೋಗಳನ್ನು ಒಂದೊಂದಾಗಿ ತೋರಿಸಿದಳು: ಮರದ ಅಚ್ಚು, ಮರಳಿನ ಚೀಲ, ಬೇಡವೆಂದು ತೆಗೆದಿಟ್ಟ ಎರಡು ಮಡ್‌ಗಾರ್ಡು. ಅವರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ನೋಡಿದರು.

"ನನಗೆ ಅವತ್ತೇ ಅನ್ನಿಸಿತ್ತು. ನಾನು ಕೇಳಿದೆ. ನೀವು ಇಲ್ಲ ಅಂದಿರಿ."

"ತಪ್ಪಾಯ್ತು ಸಾರ್. ಶೆಡ್ಡು ಅವ್ರ ಜಾಗ್ದಲ್ಲಿತ್ತು. ಈಗ ಮಾರ್ಬುಟ್ರು."

"ಮಾರದೇ ಇದ್ದಿದ್ದರೆ ಬರ್ತಿದ್ದಿರಾ?"

ಅಸದುಲ್ಲಾ ಲೋಟ ಕೆಳಗಿಟ್ಟ. ಬರುತ್ತಿದ್ದೆ ಅಂದಿದ್ದರೆ ಅದೂ ಸುಳ್ಳಾಗುತ್ತಿತ್ತು.

"ನಿಮ್ಮಂಥ ಕೆಲಸಗಾರ ನನಗೆ ಬೇಕಾಗಿತ್ತು," ಅಂದರು ಅವರು. "ಆದರೆ ಸುಳ್ಳು ದಾಖಲೆಗೆ ಸಹಿ ಹಾಕಿದ ಕೆಲಸಗಾರನನ್ನು ಮೂರು ವರ್ಷ ಸಂಘದ ಕಾರುಗಳ ಹತ್ತಿರ ಸೇರಿಸುವಂತಿಲ್ಲ. ಈಗ ಗೊತ್ತಾದ ಮೇಲೆ ನಾನು ಬರೆಯದೆ ಇರೋಕಾಗಲ್ಲ."

"ಅವರು ಹೆದರಿಸಿದ್ದಕ್ಕೆ ಹಾಕಿದ್ದು ಸರ್," ಅಂದಳು ನಿಖಾತ್.

"ಇರಬಹುದಮ್ಮ. ಅದಕ್ಕೆ ನಿಯಮದಲ್ಲಿ ಜಾಗ ಇಲ್ಲ."

ಎರಡು ಬಹುಮಾನಗಳೂ ವಾಪಸಾದವು. ಕಾರಿನ ಮಾಲೀಕರಿಗೆ ನಿಯಮದಲ್ಲಿದ್ದ ಒಂದು ವರ್ಷದ ನಿಷೇಧ ರೇಣುಕಾಪ್ರಸಾದನಿಗೂ ಬಿತ್ತು. ಅಸದುಲ್ಲಾ ನಂಬಿಸಿ ಕುತ್ತಿಗೆ ಕೊಯ್ದ ಎಂದು ಅವನು ಊರೆಲ್ಲ ಹೇಳಿಕೊಂಡು ಬಂದ. ಜನ ನಂಬಿದರು ಕೂಡ. ಶೆಡ್ಡು ಹೋದ ಮೇಲೆ ಅಸದುಲ್ಲಾ ಬಸ್ಸುಗಳ ಮೈ ಕಟ್ಟುವ ಕಾರ್ಖಾನೆಗೆ ಸೇರಿದ. ಅಲ್ಲಿ ತಗಡು ಮಿಷನ್ನಿನಲ್ಲೇ ಮಡಚಿ ಬರುತ್ತಿತ್ತು. ಅದಕ್ಕೆ ರಿವೆಟ್ ಹೊಡೆಯುವುದಷ್ಟೇ ಇವನ ಕೆಲಸ.

ಒಂದು ವರ್ಷ ಕಳೆಯಿತು. ನಿಷೇಧಕ್ಕೆ ಒಳಗಾದವನು ಮಾಡಿದ ತುಂಡನ್ನು ಯಾವ ವಿಭಾಗದಲ್ಲೂ ಓಡಿಸುವಂತಿರಲಿಲ್ಲ. ರೇಣುಕಾಪ್ರಸಾದ ವಿದೇಶದಿಂದ ಕಬ್ಬಿಣದ ಬಾನೆಟ್ಟೊಂದನ್ನು ಹಡಗಿನಲ್ಲಿ ತರಿಸಿಕೊಂಡ.

ಒಂದು ಬೆಳಿಗ್ಗೆ ಗುಜರಿ ಅಂಗಡಿಯ ಫಕ್ರುದ್ದೀನ್ ಫೋನ್ ಮಾಡಿ, ನಿನ್ನದೊಂದು ಮಾಲು ಬಂದಿದೆ, ನೋಡಿಕೊಂಡು ಹೋಗು ಅಂದ. ಅಸದುಲ್ಲಾ ಡ್ಯೂಟಿಯ ದಾರಿಯಲ್ಲಿ ಅಲ್ಲಿಳಿದ. ಹಳೇ ಡ್ರಮ್ಮುಗಳ ಪಕ್ಕದಲ್ಲಿ ಬಾನೆಟ್ಟು ಮೂರು ತುಂಡಾಗಿ ಬಿದ್ದಿತ್ತು.

"ಇಡಿಯಾಗಿ ಗೂಡ್ಸ್ ಆಟೋಗೆ ಹಿಡೀಲಿಲ್ಲ ಭಾಯ್. ಗ್ಯಾಸಲ್ಲಿ ಕುಯ್ಸಿದ್ ಮೇಲೆ, ಇದು ನೀನು ಮಾಡಿದ್ದು ಅಂತ ಯಾರೋ ಅಂದ್ರು," ಅಂದ ಫಕ್ರುದ್ದೀನ್.

ಅಸದುಲ್ಲಾ ಕುಕ್ಕರುಗಾಲಲ್ಲಿ ಕೂತು ಎಡಗಡೆಯ ಮಡ್‌ಗಾರ್ಡನ್ನು ಮಗುಚಿದ. ಗ್ಯಾಸಿನ ಉರಿ ತಗಡನ್ನು ಅಡ್ಡಡ್ಡ ಸುಟ್ಟು ಹೋಗಿತ್ತು. ಅವನು ಹಾಕಿದ್ದ ಬೆಸುಗೆ ಮಾತ್ರ ಒಂದು ಕಡೆಯೂ ಬಿಟ್ಟಿರಲಿಲ್ಲ.

"ಬೇಕಾದ್ರೆ ತಗೊಂಡೋಗು. ದುಡ್ಡೇನೂ ಬ್ಯಾಡ," ಅಂದ ಫಕ್ರುದ್ದೀನ್.

"ಎಲ್ಲಿಡ್ಲಿ?" ಅಂದ ಅಸದುಲ್ಲಾ. ಎದ್ದು ಕೈ ಒರೆಸಿಕೊಂಡು, ತಡವಾಯಿತೆಂದು ಬಸ್ ಸ್ಟಾಪಿನ ಕಡೆಗೆ ನಡೆದ.